ಹಲ್ಲು ಬೆಳ್ಳಗೆ ಮಾಡುವ ಫೋನು

ಫೋನಿನ ಬೆನ್ನು ಮುಟ್ಟಿ ನೋಡಿ, ಏನನ್ನಿಸುತ್ತದೆ ಹೇಳಿ ಎಂದು ಅವನು ಕೇಳಿದಾಗ, ಈ ಮನುಷ್ಯನಿಗೆ ಮನೆಯಲ್ಲಿ ಬೇರೆ ಕೆಲಸ ಹೇಳುವವರು ಯಾರೂ ಇಲ್ಲವೇ ಎಂದುಕೊಂಡೆ.

ಮಧುಗಿರಿ ಬಸ್ ಸ್ಟ್ಯಾಂಡಿನ ಎದುರು ಶಂಕರಲಿಂಗಪ್ಪನವರ ಮೊಬೈಲ್ ಅಂಗಡಿಯಿದೆ. ಅಲ್ಲಿ ಕವರು, ಚಾರ್ಜರು ಮಾರುವವಳು, ಟೆಂಪರ್ಡ್ ಗ್ಲಾಸ್ ಅಂಟಿಸುವವಳು ನಾನು, ಶಿವಲಕ್ಷ್ಮಿ. ನನ್ನ ಮುಖಕ್ಕೆ ಸದಾ ಮಾಸ್ಕು. ಕೊರೊನಾ ಬಂದಾಗ ಎಲ್ಲರೂ ಹಾಕಿಕೊಂಡರು, ಹೋದ ಮೇಲೆ ಎಲ್ಲರೂ ಕಿತ್ತೆಸೆದರು, ನಾನು ಉಳಿಸಿಕೊಂಡೆ. ಧೂಳಾದರೆ ಆಗುವುದಿಲ್ಲ ಎಂದು ಸಾಹುಕಾರರಿಗೆ ಹೇಳಿದ್ದೆ. ಆ ಹಾಳು ಕಾಯಿಲೆಯಿಂದ ಉಪಕಾರ ಪಡೆದವಳು ತಾಲ್ಲೂಕಿಗೆಲ್ಲ ನಾನೊಬ್ಬಳೇ ಇರಬೇಕು.

ಬಂದವನ ಹೆಸರು ರುದ್ರಮುನಿ, ಊರು ಕೊರಟಗೆರೆ. ಯಾವುದೋ ಕಂಪನಿ ದೀಪಾವಳಿಗೆ ಹೊಸ ಫೋನು ಬಿಡುವುದಿತ್ತು. ಅದರ ಸ್ಯಾಂಪಲ್ ಹಿಡಿದುಕೊಂಡು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸುತ್ತಿ ಜನ ಏನನ್ನುತ್ತಾರೆ ಎಂದು ಕೇಳಿ ಟ್ಯಾಬಿಗೆ ತುಂಬುವುದು ಅವನ ಕೆಲಸ. ಕಂಪನಿಯ ಹೆಸರು ಕಾಣದ ಹಾಗೆ ಫೋನಿಗೆ ಕಪ್ಪು ಟೇಪ್ ಸುತ್ತಿದ್ದರು.

"ಜಾರ್ತೈತೆ," ಎಂದೆ. "ಬಸ್ಸಲ್ಲಿ ನಿಂತ್ಕಂಡು ಒಂದ್ ಕೈಲಿ ಹಿಡ್ಕಂಡ್ರೆ ಬಿತ್ತು ಅಂತ್ಲೇ."

"ಡಿಸೈನ್ ಇಷ್ಟ ಆಯ್ತಾ ಮೇಡಂ?"

"ಅಂಚು ಬಗ್ಸಿಟ್ಟವ್ರೆ. ಇದುಕ್ಕೆ ಗ್ಲಾಸ್ ಅಂಟಾದಿಲ್ಲ. ನನ್ ಹೊಟ್ಟೆ ಮೇಲೆ ಹೊಡಿಯಾಕೆ ಮಾಡಿರೋ ಡಿಸೈನು."

ಅವನು ಟ್ಯಾಬಿನಿಂದ ತಲೆಯೆತ್ತಿ ನಕ್ಕ. ಸಾಲಾಗಿ ಬಿಳಿಯ ಹಲ್ಲು. ನಾನು ಮೊದಲು ನೋಡುವುದು ಅದನ್ನೇ, ಯಾರದ್ದಾದರೂ ಸರಿ. ಇಪ್ಪತ್ನಾಲ್ಕು ಸಾವಿರ ಬೆಲೆ ಇಟ್ಟರೆ ತಗೊಳ್ತೀರಾ ಎಂದು ಕೇಳಿದ. ಆ ದುಡ್ಡಿಗೆ ನಮ್ಮೂರಿನಲ್ಲಿ ಎರಡು ಕುರಿ ಬರುತ್ತವೆ, ಅವು ಮರಿ ಹಾಕುತ್ತವೆ, ನಿಮ್ಮ ಫೋನು ಏನು ಹಾಕುತ್ತದೆ ಎಂದೆ. ಅದನ್ನೂ ಒತ್ತಿಕೊಂಡ.

ಮುಖ ತೋರಿಸಿದರೆ ಸಾಕು, ಲಾಕ್ ತಾನೇ ತೆರೆಯುತ್ತದೆ, ನೋಡೋಣ ಮಾಸ್ಕ್ ತೆಗೆಯಿರಿ ಎಂದ. ನಾನು ತೆಗೆಯಲಿಲ್ಲ. "ಮುಖ ತೋರಿಸ್ದೆ ತೆಗಿಯೋ ಫೋನ್ ಬೇಕು ಅಂತ ಬರ್ಕಳಿ," ಎಂದೆ. ಅವನು ಬರೆದುಕೊಳ್ಳಲಿಲ್ಲ. ಮಾಸ್ಕಿನ ಮೇಲಿದ್ದ ನನ್ನ ಕಣ್ಣನ್ನು, ಸರ್ವೆಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದ.

ಆಮೇಲೆ ವಾರಕ್ಕೊಮ್ಮೆಯಾದರೂ ಬರತೊಡಗಿದ. ಬೇರೆಯವರು ಹುಡುಗಿಗೆ ಮಲ್ಲಿಗೆ ಹೂ ತಂದುಕೊಡುತ್ತಾರೆ. ಇವನು ಊರೂರಿನ ಅಭಿಪ್ರಾಯ ತಂದುಕೊಡುತ್ತಿದ್ದ. ಹುಲಿಕುಂಟೆಯಲ್ಲಿ ಕುರಿ ಕಾಯುವ ಬೋರಪ್ಪ ಎಂಬುವವನು ಮೂರು ಕ್ಯಾಮೆರಾ ಯಾಕೆ, ಮೂರು ಟಾರ್ಚ್ ಹಾಕ್ರಪ್ಪ ಎಂದನಂತೆ. ಸಿದ್ದರಬೆಟ್ಟದ ಮೆಟ್ಟಿಲ ಹತ್ತಿರ ಕಾಯಿ ಮಾರುವ ಬೊಮ್ಮಕ್ಕನಿಗೆ ಎಲೆಯಡಿಕೆ ಚೀಲದಲ್ಲಿ ಹಿಡಿಸುವಷ್ಟು ಚಿಕ್ಕ ಫೋನು ಬೇಕಂತೆ. ಪಾವಗಡದಲ್ಲಿ ಒಬ್ಬರು ಹತ್ತು ನಿಮಿಷ ಹಿಂದೆ ಮುಂದೆ ತಿರುಗಿಸಿ ನೋಡಿ, "ಫೋನ್ ಬಾಗುಂದಿ, ರೇಟೇ ಬಾಗಲೇದು," ಎಂದು ತೆಲುಗಿನಲ್ಲೇ ಫೋನನ್ನು ಹೊಗಳಿ, ರೇಟನ್ನು ತೆಗಳಿ ವಾಪಸ್ ಕೊಟ್ಟರಂತೆ.

ಹೇಳುವಾಗ ಅವನ ಕಣ್ಣು ನನ್ನ ಕಣ್ಣಿನ ಮೇಲೇ. ನಾನು ಮಾಸ್ಕಿನ ಒಳಗೆ ನಕ್ಕರೆ ಅವನಿಗೆ ಹೇಗೋ ಗೊತ್ತಾಗುತ್ತಿತ್ತು. "ಈಗ ನಕ್ರಿ," ಎನ್ನುತ್ತಿದ್ದ. ಇಲ್ಲ ಎಂದರೆ, "ಕಣ್ಣಿನ ಕೆಳಗೆ ಒಂದು ಗೆರೆ ಬರ್ತದೆ, ಸುಳ್ಳು ಹೇಳ್ಬೇಡಿ," ಎನ್ನುತ್ತಿದ್ದ. ನನಗೆ ಅವನ ಮೇಲೆ ಮನಸ್ಸಾಯಿತು. ಎಷ್ಟು ಮನಸ್ಸಾಯಿತೋ ಅಷ್ಟೇ ಹೆದರಿಕೆಯೂ ಆಯಿತು.

ಐ.ಡಿ.ಹಳ್ಳಿ ದಾಟಿದ ಮೇಲೆ ನಮ್ಮೂರು. ಬೋರಿನ ನೀರಿನಲ್ಲಿ ಫ್ಲೋರೈಡು. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿಗೆ ಕಂದು ಪಟ್ಟೆ ಬೀಳುತ್ತದೆ, ಉಜ್ಜಿದರೆ ಹೋಗುವುದಲ್ಲ. ದೊಡ್ಡವರಿಗೆ ಮೂಳೆ ಬಿಗಿಯುತ್ತದೆ. ಶುದ್ಧ ನೀರಿನ ಘಟಕ ಬರುವ ಹೊತ್ತಿಗೆ ನನ್ನ ಹಲ್ಲು ಬಂದಾಗಿತ್ತು. ಆ ಘಟಕವೂ ವರ್ಷದಲ್ಲಿ ಅರ್ಧ ಭಾಗ ಕೆಟ್ಟು ನಿಂತಿರುತ್ತದೆ, ಆಗ ಮತ್ತೆ ಬೋರಿನ ನೀರೇ ಗತಿ.

ನಮ್ಮಪ್ಪ ಚನ್ನಮಲ್ಲಯ್ಯನ ಬೆನ್ನು ಬಗ್ಗಿ ಹಾಗೇ ನಿಂತುಬಿಟ್ಟಿದೆ. ಕತ್ತು ಮೇಲೇಳುವುದಿಲ್ಲ. ಎದುರು ಬಂದವರನ್ನು ಅವನು ಚಪ್ಪಲಿ ನೋಡಿ ಗುರುತು ಹಿಡಿಯುತ್ತಾನೆ. ನಮ್ಮ ಬೀದಿಯಲ್ಲಿ ಯಾರೇ ಹೊಸ ಚಪ್ಪಲಿ ಕೊಂಡರೂ ಮೊದಲು ಬಂದು ಅಪ್ಪನಿಗೆ ತೋರಿಸಿ ಹೋಗುವುದು ಪದ್ಧತಿ. ಇಲ್ಲದಿದ್ದರೆ ಯಾರೋ ಪರಸ್ಥಳದವರು ಎಂದುಕೊಂಡು ಅವನು ಮಾತಾಡಿಸುವುದಿಲ್ಲ.

ಒಂದು ಮಧ್ಯಾಹ್ನ ಸಾಹುಕಾರರು ಊಟಕ್ಕೆ ಹೋಗಿದ್ದರು. ಕ್ಯಾಮೆರಾದ ಪ್ರಶ್ನೆ ಒಂದು ಬಾಕಿ ಇದೆ, ಅದು ತುಂಬದಿದ್ದರೆ ನಿಮ್ಮ ಉತ್ತರವೇ ಲೆಕ್ಕಕ್ಕಿಲ್ಲ ಎಂದು ರುದ್ರಮುನಿ ಗೋಗರೆದ. ನಾನು ಆ ಕಡೆ ತಿರುಗಿ ನಿಲ್ಲುತ್ತೇನೆ, ನೀವೇ ಸೆಲ್ಫಿ ತೆಗೆದುಕೊಳ್ಳಿ ಎಂದು, ಅಂಗಡಿಗೆ ಕಾಣುವ ಬೆಟ್ಟದ ಕೋಟೆಗೆ ಮುಖ ಮಾಡಿ ನಿಂತ. ನಿಂತ ಭಂಗಿ ನೋಡಿದರೆ ಕೋಟೆ ಕಾಯಲು ಬಂದವನ ಹಾಗಿತ್ತು.

ನಾನು ಮಾಸ್ಕ್ ಇಳಿಸಿ, ಫೋನನ್ನು ನೋಡಿ ನಕ್ಕೆ.

ಪರದೆಯ ಮೇಲೆ ಹಾಲಿನಂಥ ಹಲ್ಲು. ಪಟ್ಟೆ ಇಲ್ಲ, ಕಲೆ ಇಲ್ಲ. ಫೋನು ಯಾರನ್ನೂ ಕೇಳದೆ ಅಳಿಸಿಹಾಕಿತ್ತು. ನನ್ನ ಕಣ್ಣು, ನನ್ನ ಮೂಗು, ನನ್ನದೇ ಮೂಗುಬೊಟ್ಟು, ಬಾಯಿ ಮಾತ್ರ ಇನ್ಯಾರದೋ. ಆ ಹುಡುಗಿ ಚೆನ್ನಾಗಿದ್ದಳು. ಅವಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಅಳುವೂ ಬಂತು.

ಮಾಸ್ಕ್ ಏರಿಸಿ ಫೋನು ಕೊಟ್ಟೆ. ಅವನು ತಿರುಗಿ ಬಹಳ ಹೊತ್ತು ಅದನ್ನೇ ನೋಡಿದ.

"ಇಂಥ ನಗು ಮುಚ್ಚಿಟ್ಕಂಡಿದೀರಲ್ರೀ."

"ಅದು ಫೋನಿನ ನಗು. ನಂದಲ್ಲ."

ತಮಾಷೆ ಎಂದುಕೊಂಡ. ಅವನ ಹಲ್ಲು ಮೊದಲೇ ಬಿಳಿ, ಆ ಫೋನು ಏನು ಮಾಡುತ್ತದೆ ಎಂದು ಅವನಿಗೆ ತಿಳಿಯುವ ಸಂದರ್ಭವೇ ಬಂದಿರಲಿಲ್ಲ. ಮಾರನೆಯ ವಾರ ಬಂದವನು, ಅವ್ವನಿಗೆ ಫೋಟೋ ತೋರಿಸಿದೆ, ಭಾನುವಾರ ನಿಮ್ಮ ಮನೆಗೆ ಕರೆದುಕೊಂಡು ಬರುತ್ತೇನೆ ಎಂದ. ಬನ್ನಿ, ಆದರೆ ಫೋನು ಮನೆಯಲ್ಲಿಟ್ಟು ಬನ್ನಿ ಎಂದೆ. ಅದಕ್ಕೂ ನಕ್ಕ.

ಅವನ ತಾಯಿ ಸರಸಮ್ಮ ಕುಡಿಯುವ ನೀರಿನ ಬಾಟಲಿ ತಂದಿದ್ದರು. ನಮ್ಮೂರಿಗೆ ಹೆಣ್ಣು ನೋಡಲು ಬರುವವರೆಲ್ಲ ತರುತ್ತಾರೆ, ಅದರಲ್ಲಿ ಹೊಸದೇನಿಲ್ಲ. ಜಗಲಿಯ ಮೇಲಿದ್ದ ಅಪ್ಪ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ರುದ್ರಮುನಿಗೆ ತನ್ನ ಪದ್ಧತಿ ವಿವರಿಸಿ, ಗುರುತಿಟ್ಟುಕೊಂಡೆ ಕಣಪ್ಪ, ಇನ್ನು ಮೇಲೆ ನೀನು ಎಲ್ಲಿ ಸಿಕ್ಕಿದರೂ ಮಾತಾಡಿಸುತ್ತೇನೆ ಎಂದ. ರುದ್ರಮುನಿ ಬಗ್ಗಿ ಅಪ್ಪನ ಕಾಲು ಮುಟ್ಟಿದ.

ನಾನು ಮಾಸ್ಕಿಲ್ಲದೆ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದೆ. ಸರಸಮ್ಮ ಹೆಸರು ಕೇಳಿದರು. ಮುಚ್ಚಿಕೊಂಡು ಹೇಳುವ ಸ್ವಭಾವ ನನ್ನದಲ್ಲ. ಬಾಯಿ ತುಂಬಾ ತೆರೆದು, ನಕ್ಕು ಹೇಳಿದೆ.

ಸರಸಮ್ಮ ನನ್ನನ್ನೊಮ್ಮೆ ನೋಡಿದರು, ಮಗನ ಕೈಯಲ್ಲಿದ್ದ ಫೋನನ್ನೊಮ್ಮೆ ನೋಡಿದರು. ಫೋಟೋದಲ್ಲಿ ಹೀಗಿರಲಿಲ್ಲವಲ್ಲ ಎಂದರು. ಆಮೇಲೆ ಅವರ ಕಣ್ಣು ಜಗಲಿಯ ಮೇಲಿದ್ದ ಅಪ್ಪನ ಬೆನ್ನಿನ ಮೇಲೆ ನಿಂತಿತು.

"ಹಲ್ಲೇನೋ ಸೈಸ್ಕಬೋದು ಕಣಮ್ಮ," ಎಂದರು. "ನಾಳೆ ಹುಟ್ಟೋ ಮಕ್ಳು ನೆಟ್ಟುಗೆ ನಿಂತ್ಕಬೇಕಲ್ಲ."

ಇದು ರಕ್ತದ್ದಲ್ಲ, ನೀರಿನದು ಎಂದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದವರಿಗೆ ಏನು ಹೇಳುವುದು? ನಾನು ರುದ್ರಮುನಿಯ ಕಡೆ ನೋಡಿದೆ. ಅವನು ಫೋನನ್ನು ತೊಡೆಯ ಮೇಲೆ ಮಗುಚಿಟ್ಟು ಅದರ ಕಪ್ಪು ಟೇಪನ್ನೇ ನೋಡುತ್ತಿದ್ದ. ಅವರು ಬಂದ ಕಾರು ಹೊರಟಿತು, ಉಪ್ಪಿಟ್ಟು ತಟ್ಟೆಯಲ್ಲೇ ಆರಿತು.

ಅವತ್ತು ಸಂಜೆ ಅಪ್ಪ ಕರೆದು ಕೂರಿಸಿಕೊಂಡ.

"ಆ ಹುಡುಗನ ಬಾಯಿ ಸುಮ್ಕಿತ್ತು. ಕಾಲು ಸುಮ್ಕಿರ್ಲಿಲ್ಲ ಕಣಮ್ಮ. ಚಪ್ಪಲಿ ಮೆಟ್ಕಂಡ್ ಮೇಲೂ ಮನೆ ಕಡೀಕೇ ತಿರುಗ್ತಿತ್ತು."

ಕಾಲಿನ ಜೊತೆ ಸಂಸಾರ ಮಾಡುವುದಕ್ಕಾಗುವುದಿಲ್ಲ ಎಂದೆ. ಒಳಗೆ ಹೋಗಿ ಅತ್ತೆ.

ದೀಪಾವಳಿಗೆ ಫೋನು ಬಂತು. ನಮ್ಮ ಅಂಗಡಿಯ ಗೋಡೆಗೂ ಪೋಸ್ಟರ್ ಬಂತು, ಅದರ ಮೇಲೆ 'ಪ್ರತಿ ನಗುವೂ ಪರ್ಫೆಕ್ಟ್' ಎಂದು ಬರೆದಿತ್ತು. ಬೆಲೆ ಅದೇ ಇಪ್ಪತ್ನಾಲ್ಕು ಸಾವಿರ, ಬೆನ್ನು ಅದೇ ಜಾರು ಬೆನ್ನು, ಅಂಚು ಅದೇ ಬಗ್ಗಿದ ಅಂಚು. ಕಂತಿನ ಮೇಲೆ ಕೊಳ್ಳುವವರು ಕೊಂಡರು. ನಮ್ಮ ಕಡೆಯ ಹುಡುಗಿಯರು ಅಂಗಡಿಯಲ್ಲೇ ಸೆಲ್ಫಿ ತೆಗೆದು, ತಮ್ಮ ಹಲ್ಲು ನೋಡಿ ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು. ನನಗೆ ಆ ಕ್ಷಣ ಗೊತ್ತಿತ್ತು, ಅದಕ್ಕೇ ಅವರ ಕಡೆ ನೋಡುತ್ತಿರಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ರುದ್ರಮುನಿ ಬಂದ. ಬ್ಯಾಗಿಲ್ಲ, ಟ್ಯಾಬಿಲ್ಲ. ಸೊರಗಿದ್ದ. ಕೆಲಸ ಹೋಯಿತು ಎಂದ.

ಅವನು ಮಾಡಿದ್ದು ಇಷ್ಟು. ನಮ್ಮ ಮನೆಯಿಂದ ಹೋದ ಮೇಲೆ, ತಾನು ಕೇಳಿದ ಎಲ್ಲರ ಉತ್ತರದಲ್ಲೂ ಒಂದೊಂದು ಮಾತು ಸೇರಿಸಿದ್ದ. ಈ ಫೋನು ಹಲ್ಲು ಬೆಳ್ಳಗೆ ಮಾಡಬಾರದು, ಇದ್ದ ಹಾಗೇ ತೋರಿಸಬೇಕು ಎಂದು. ಅಷ್ಟೊಂದು ಜನ ಒಂದೇ ಮಾತು ಹೇಳಿದ್ದು ನೋಡಿ ಕಂಪನಿಗೆ ಅನುಮಾನ ಬಂತು, ಕೆಲವರಿಗೆ ಫೋನು ಹಚ್ಚಿತು. ಸಿಕ್ಕಿದವನು ಹುಲಿಕುಂಟೆಯ ಬೋರಪ್ಪ. ಹಲ್ಲಿನ ಸುದ್ದಿ ನನಗೆ ಯಾಕೆ ಸ್ವಾಮಿ, ನಾನು ಕೇಳಿದ್ದು ಟಾರ್ಚು ಎಂದುಬಿಟ್ಟ. ರುದ್ರಮುನಿ ತಂದದ್ದೆಲ್ಲ ಸುಳ್ಳೆಂದು ನಾಲ್ಕು ತಾಲ್ಲೂಕಿನ ಉತ್ತರವನ್ನೂ ಕಂಪನಿ ಎತ್ತಿ ಬಿಸಾಕಿತು. ಬೋರಪ್ಪನ ಟಾರ್ಚು, ಬೊಮ್ಮಕ್ಕನ ಎಲೆಯಡಿಕೆ ಚೀಲ, ನನ್ನ ಎರಡು ಕುರಿ, ಎಲ್ಲ ಅದರ ಜೊತೆಗೇ ಹೋದವು.

"ಯಾಕಂಗ್ ಮಾಡುದ್ರಿ?" ಎಂದು ಕೇಳಿದೆ.

"ಅವತ್ತು ನಿಮ್ಮನೇಲಿ ನಂಗೆ ಬಾಯಿ ಬರ್ಲಿಲ್ಲ. ಅದುಕ್ಕೆ ಬೇರೇರ ಬಾಯಲ್ಲಿ ಹೇಳಿಸ್ದೆ."

"ಊರೋರ ಬಾಯೆಲ್ಲ ಬಳಸ್ಕಂಡ್ರಿ. ನಿಮ್ದೊಂದು ಬುಟ್ಟು."

ಚುಚ್ಚಬೇಕೆಂದೇ ಹೇಳಿದೆ, ಚುಚ್ಚಿತು. ಅವನು ಜೇಬಿನಿಂದ ತನ್ನ ಹಳೆಯ ಫೋನು ತೆಗೆದ. ಅವ್ವನ ನಂಬರ್ ಒತ್ತಿ, ಸ್ಪೀಕರಿಗೆ ಹಾಕಿ, ಕವರುಗಳ ಮಧ್ಯೆ ಕೌಂಟರಿನ ಮೇಲಿಟ್ಟ.

"ಅವ್ವಾ, ನಾನು ಶಿವಲಕ್ಷ್ಮೀನೇ ಮದ್ವೆ ಆಗೋದು."

ಆ ಕಡೆ ಕುಕ್ಕರ್ ಕೂಗಿ ನಿಂತಿತು. ಸರಸಮ್ಮನ ದನಿ ಅವತ್ತಿನಷ್ಟೇ ಮೆತ್ತಗಿತ್ತು.

"ಆಗಪ್ಪ. ಮನೀಗ್ ಮಾತ್ರ ಬರ್ಬ್ಯಾಡ."

ಫೋನು ಕಟ್ಟಾಯಿತು. ಕೆಲಸವೂ ಇಲ್ಲ, ಮನೆಯೂ ಇಲ್ಲದವನಾಗಿ ನನ್ನೆದುರು ನಿಂತಿದ್ದ. ಇಂಥ ಹೊತ್ತಿನಲ್ಲಿ ಹೆಣ್ಣಿಗೆ ಸಂತೋಷವಾಗಬೇಕಂತೆ. ಆಯಿತು, ಸುಳ್ಳೇಕೆ ಹೇಳಲಿ. ಆದರೆ ನನ್ನ ಹತ್ತಿರ ಇನ್ನೊಂದು ಮಾತು ಉಳಿದಿತ್ತು, ಅದನ್ನು ಹೇಳದೆ ಆ ಸಂತೋಷವನ್ನು ಮುಟ್ಟಲು ಮನಸ್ಸು ಒಪ್ಪಲಿಲ್ಲ. ಸ್ಟೂಲು ಎಳೆದು ಕೂರಿಸಿದೆ.

"ಹಲ್ಲು ದೊಡ್ಡದಲ್ಲ. ಬೆಳಿಗ್ಗೆ ಏಳೋವಾಗ ನನ್ ಕತ್ತು ಹಿಡ್ಕತೈತೆ. ಮಂಡಿ ಬಗ್ಗಾದಿಲ್ಲ. ತುಮಕೂರಲ್ಲಿ ಎಕ್ಸ್‌ರೇ ತೆಗ್ಸಿದ್ದೆ, ಅಪ್ಪನಿಗೇನ್ ಹೇಳಿದ್ರೋ ನಂಗೂ ಅದ್ನೇ ಹೇಳುದ್ರು. ಒಳ್ಳೆ ನೀರು ಕುಡುದ್ರೆ ನಿಧಾನ ಆಯ್ತದಂತೆ. ಬಂದಿರೋದು ವಾಪಸ್ ಹೋಗಾದಿಲ್ವಂತೆ. ಯಾವತ್ತೋ ಒಂದಿನ ನಿಮ್ ಮುಖ ನೋಡಾಕೂ ನನ್ ಕೈಲಾಗ್ದೆ ಹೋಗ್ಬೋದು. ಇದು ಯಾವ್ ಕ್ಯಾಮೆರಾದಲ್ಲೂ ಕಾಣಾದಿಲ್ಲ, ಅದುಕ್ಕೆ ನಾನೇ ಹೇಳ್ತಿದೀನಿ."

ಅವನ ಮುಖದ ಬಣ್ಣ ಇಳಿಯಿತು. ಅಷ್ಟರಲ್ಲಿ ಯಾರೋ ಬಂದು ಚಾರ್ಜರ್ ಕೇಳಿದರು. ತೆಗೆದುಕೊಟ್ಟೆ, ಚಿಲ್ಲರೆ ಕೊಟ್ಟೆ, ಗಿರಾಕಿ ಹೋದರು. ಎದ್ದು ಹೋಗುವವನಾದರೆ ಈಗಲೇ ಹೋಗಲಿ ಎಂದು ನಾನು ಬೇಕೆಂದೇ ಗೋಡೆಯ ಕಡೆ ತಿರುಗಿ ಕವರುಗಳನ್ನು ಜೋಡಿಸುತ್ತ ನಿಂತೆ. ಸ್ಟೂಲು ಸರಿದ ಸದ್ದು ಕೇಳಲಿಲ್ಲ.

"ಲಕ್ಷ್ಮೀ," ಎಂದ. ಅವನು ಹಾಗೆ ಕರೆದದ್ದು ಅದೇ ಮೊದಲು. "ಚಪ್ಪಲಿ ನೋಡು."

"ಏನು?"

"ನನ್ ಚಪ್ಪಲಿ. ಈಗ್ಲೇ ಗುರ್ತು ಇಟ್ಕ. ಹೊಸದು ತಗಂಡ್ರೆ ಮೊದ್ಲು ನಿಂಗೇ ತೋರಿಸ್ತೀನಿ."

ಮಾಸ್ಕ್ ತೆಗೆದು ಕೌಂಟರಿನ ಮೇಲಿಟ್ಟೆ. ಅವನು ನೋಡಿದ, ಬರಿಗಣ್ಣಿನಲ್ಲಿ, ಕೈಯಲ್ಲಿ ಯಾವ ಫೋನೂ ಇಲ್ಲದೆ. ಅವನ ಕಣ್ಣು ತುಂಬಿತ್ತು, ಆದರೂ ಬೇರೆ ಕಡೆ ತಿರುಗಲಿಲ್ಲ.

ಆಮೇಲೆ ನಾನು ತಲೆ ತಗ್ಗಿಸಿದೆ. ಈಗಿನ್ನೂ ನನ್ನ ಕತ್ತು ನಾನು ಹೇಳಿದ ಮಾತು ಕೇಳುತ್ತದೆ. ಕಂದು ಬಣ್ಣದ ಚಪ್ಪಲಿ. ಎಡಗಾಲಿನದರ ಹೆಬ್ಬೆರಳ ಪಟ್ಟಿ ಕಿತ್ತು, ಬಿಳಿ ದಾರದಲ್ಲಿ ಹೊಲಿಸಿದೆ. ಬಲಗಾಲಿನ ಹಿಮ್ಮಡಿ ಹೊರಗಡೆಗೆ ಸವೆದಿದೆ. ಕಣ್ಣು ಮುಚ್ಚಿ ಒಮ್ಮೆ ಹೇಳಿಕೊಂಡೆ, ತೆರೆದು ಸರಿಯಿದೆಯೇ ಎಂದು ನೋಡಿದೆ. ಸರಿಯಿತ್ತು.