ವಿಶಾಲಾಕ್ಷಿ ರುಜು ಹಾಕಿದ ಕರಾರು

"ಕರಾರು ಅಂದ್ರೆ ಏನು ಅಂತ ಗೊತ್ತೇನಮ್ಮಾ ನಿಮಗೆ?"

ತರೀಕೆರೆಯ ಸಬ್‌ರಿಜಿಸ್ಟ್ರಾರ್ ಆಫೀಸಿನ ಜಗಲಿಯಲ್ಲಿ ಕುಳಿತಿದ್ದ ಪತ್ರ ಬರಹಗಾರ ಓಂಕಾರಮೂರ್ತಿ ತಲೆಯೆತ್ತಿ ಕೇಳಿದ.

ವಿಶಾಲಾಕ್ಷಿಯ ಕಣ್ಣು ತುಂಬಿಬಂತು. ಗಂಡ ತೀರಿಹೋದ ಈ ಮೂರು ತಿಂಗಳಲ್ಲಿ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ... ಬರೀ ಹೇಳಿದ್ದರು!

ಅದು ೧೯೭೬. ಅವಳಿಗೆ ಇಪ್ಪತ್ತೆರಡು. ಕಂಕುಳಲ್ಲಿ ವರ್ಷದ ಮಗಳು, ಪಕ್ಕದಲ್ಲಿ ಮಾವ ಪಂಚಾಕ್ಷರಪ್ಪ.

"ಅವಳಿಗೇನು ಗೊತ್ತಾಯ್ತದೆ? ರುಜು ಹಾಕ್ಸಪ್ಪಾ," ಎಂದರು ಮಾವ.

"ಗೊತ್ತಾಗ್ದೇ ಹಾಕಿದ್ರೆ ಅದು ರುಜು ಅಲ್ಲ ಯಜಮಾನ್ರೇ, ಬರೀ ಮಸಿ." ಓಂಕಾರಮೂರ್ತಿ ಅವಳತ್ತ ತಿರುಗಿದ. "ನೋಡಿಮ್ಮಾ, ಒಬ್ರು 'ಇದು ಕೊಡ್ತೀನಿ, ಬದ್ಲಿಗೆ ನೀನು ಇದು ಮಾಡು' ಅಂತಾರೆ. ಇನ್ನೊಬ್ರು ಮನಸಾರೆ 'ಆಯ್ತು' ಅಂತಾರೆ. ಅಷ್ಟೇ ಕರಾರು. ಹೆದರ್ಸಿ 'ಆಯ್ತು' ಅನ್ನಿಸ್ಬಾರ್ದು, ಸುಳ್ಳು ಹೇಳಿ ಅನ್ನಿಸ್ಬಾರ್ದು. ಇದ್ರಲ್ಲಿ ನಿಮ್ಮಾವ ಶಿವನಿ ಊರಿನ ಮನೇಲಿ ನಿಮಗೆ ಜಾಗ, ವರ್ಷಕ್ಕಾಗೋಷ್ಟು ರಾಗಿ ಕೊಡ್ತಾರೆ. ಬದ್ಲಿಗೆ ನೀವು... ಮತ್ತೆ ಮದುವೆ ಆಗ್ಬಾರ್ದು. ಆದ್ರೆ ಈ ಮಾತು ಕಾನೂನಲ್ಲಿ..."

"ನನಗೆ ಆ ಯೋಚ್ನೆನೇ ಬೇಡ! ಎಲ್ಲಿ ಹಾಕ್ಬೇಕು ಹೇಳಿ."

ಹಿಂದಿನ ದಿನವೇ ಮಾವ ಎಚ್ಚರಿಸಿದ್ದರು: "ರುಜು ಹಾಕ್ದಿದ್ರೆ ಒಬ್ಳೇ ತವರಿಗೆ ಹೋಗು. ಮಗು ಇಲ್ಲೇ ಇರ್ತದೆ." ಮಗ ಹೋದ ಮನೆಯಿಂದ ಮೊಮ್ಮಗಳೂ ಹೋಗಿಬಿಟ್ಟರೆ ಎಂಬ ಭಯ ಅವರದು.

ಓಂಕಾರಮೂರ್ತಿಗೆ ಇದೊಂದೂ ತಿಳಿಯದು. ಗಂಡನ ಮೇಲೆ ಎಂಥ ಪ್ರೀತಿ ಎಂದುಕೊಂಡು ರುಜು ಹಾಕುವ ಜಾಗ ತೋರಿಸಿದ.

ಎರಡು ವರ್ಷದ ಮೇಲೆ ಅವಳು ಹೊಲಿಗೆ ಕಲಿಯಲು ರೈಲಿನಲ್ಲಿ ಬೀರೂರಿಗೆ ಹೋಗತೊಡಗಿದಳು. ಓಂಕಾರಮೂರ್ತಿಯ ಮನೆ ಇದ್ದದ್ದು ಅಲ್ಲೇ. ಸಂಜೆ ಕೆಲಸ ಮುಗಿಸಿ ಅವನು ತರೀಕೆರೆ ಗಾಡಿ ಇಳಿಯುವಾಗ ಅವಳು ಶಿವನಿ ಗಾಡಿಗೆ ಕಾಯುತ್ತಿರುತ್ತಿದ್ದಳು. ಮೊದಲು ಬರೀ "ಚೆನ್ನಾಗಿದೀರಾ?" ಆಮೇಲೆ ಮಗಳ ಕೆಮ್ಮು, ಅವನ ಅಮ್ಮನ ಮಂಡಿನೋವು... ಗಾಡಿ ತಡವಾದರೆ ಇಬ್ಬರಿಗೂ ಒಳಗೊಳಗೇ ಖುಷಿ!

ಒಂದು ಸಂಜೆ ಅವನು ತಡವರಿಸುತ್ತಾ ಹೇಳಿದ. "ಸಖರಾಯಪಟ್ಟಣದಲ್ಲಿ ಅಮ್ಮ ಒಂದು ಹೆಣ್ಣು ಗೊತ್ತು ಮಾಡ್ತಿದಾರೆ. ನೀವೇನಂತೀರಿ?"

'ಬೇಡ ಅನ್ನು' ಎಂದು ಅವನ ಮನಸ್ಸು ಅಂಗಲಾಚುತ್ತಿತ್ತು.

'ನಾನು ರುಜು ಹಾಕಿದವಳು... ದಾರಿ ಇದ್ದಿದ್ದರೆ ಕಾಗದ ಬಲ್ಲ ಇವರೇ ಹೇಳುತ್ತಿರಲಿಲ್ಲವೇ?' ಎಂದು ಅವಳ ಮನಸ್ಸು ಅಳುತ್ತಿತ್ತು.

"ಒಳ್ಳೇದಾಗ್ಲಿ," ಎಂದಳು.

ಮರುದಿನದಿಂದ ಅವಳು ಬೀರೂರಿಗೆ ಹೋಗಲಿಲ್ಲ.

೧೯೮೪ರಲ್ಲಿ ಪಂಚಾಕ್ಷರಪ್ಪ ಹಾಸಿಗೆ ಹಿಡಿದರು. ಗಂಜಿ ಕುಡಿಸುತ್ತಿದ್ದ ಸೊಸೆಯನ್ನು ನೋಡುತ್ತಾ ಒಂದು ಬೆಳಗ್ಗೆ ಅತ್ತೇಬಿಟ್ಟರು.

"ತಪ್ಪು ಮಾಡ್ದೆ ಕಣವ್ವಾ. ಆ ಬರಹಗಾರನ್ನ ಕರ್ಸು. ಆ ಪತ್ರ ರದ್ದಾಗ್ಲಿ."

ಓಂಕಾರಮೂರ್ತಿ ಬಂದ. ಕಾಗದ ಬಿಡಿಸಿ ನೋಡಿದ.

"ರದ್ದು ಮಾಡೋಕೆ ಏನೂ ಇಲ್ಲ ಯಜಮಾನ್ರೇ. ಮದುವೆ ಆಗ್ಬಾರ್ದು ಅನ್ನೋ ಕರಾರನ್ನ ಕಾನೂನು ಒಪ್ಪೋದೇ ಇಲ್ಲ. ಬರೆದ ದಿನದಿಂದ್ಲೂ ಅದು ನಿಲ್ಲೋ ಮಾತಲ್ಲ."

ವಿಶಾಲಾಕ್ಷಿ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಅವನ ಹಿಂದೆಯೇ ಜಗಲಿಗೆ ಬಂದಳು.

"ಎಂಟು ವರ್ಷ! ಗೊತ್ತಿದ್ದೂ ಸುಮ್ನಿದ್ರಾ?"

"ಅವತ್ತೇ ಹೇಳೋಕೆ ಹೋದೆ. ನೀವು ತಡೆದ್ರಿ. ಹೋದವ್ರ ಮೇಲೆ ಅಷ್ಟು ಪ್ರೀತಿ ಇರೋವ್ರನ್ನ ಇನ್ನೇನು ಕೇಳ್ಲಿ ಅಂತ..."

"ಮಗೂನ ಕಿತ್ಕೊತೀನಿ ಅಂದಿದ್ರು ಕಣ್ರೀ!"

ಅವಳು ಗೋಡೆಗೊರಗಿ ಅತ್ತಳು. ಎಷ್ಟು ಸಂಜೆಗಳು... ಎಲ್ಲವೂ ಸುಮ್ಮಸುಮ್ಮನೆ ಹೋಗಿಬಿಟ್ಟಿದ್ದವು!

ಅಳು ನಿಂತ ಮೇಲೆ ಕೇಳಿದಳು. "ನಿಮ್ಮ ಮನೆಯವ್ರು ಚೆನ್ನಾಗಿದಾರಾ?"

"ಹೆಣ್ಣು ನೋಡೋಕೇ ನಾನು ಹೋಗ್ಲಿಲ್ಲ ವಿಶಾಲಾಕ್ಷಿ. ಅಮ್ಮ ಅದೇ ಕೊರಗಲ್ಲಿ ಕಣ್ಮುಚ್ಚಿದ್ರು. ನನ್ನ ಮನಸ್ಸಲ್ಲಿದ್ದೋರು ನೀವೊಬ್ರೇ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಮಾವನ್ನ ಈ ಸ್ಥಿತೀಲಿ ಬಿಟ್ಟು ಬರಕ್ಕಾಗಲ್ಲ ನಂಗೆ."

"ಬಿಟ್ಟು ಬನ್ನಿ ಅಂದ್ನಾ? ನಾನೇ ಬತ್ತೀನಿ, ಪ್ರತಿ ಭಾನುವಾರ."

"ಸೊರಗಿಹೋಗಿದೀರಿ..." ಎಂದಳು ಅವನನ್ನೇ ನೋಡುತ್ತಾ. "ಊಟ ಮಾಡ್ಕೊಂಡು ಹೋಗಿ. ಮಗಳು ಸ್ಕೂಲಿಂದ ಬರೋವರ್ಗೂ ಇರಿ, ಒಂದ್ಸಲ ಮಾತಾಡ್ಸಿ."

"ನನ್ನ ಒಪ್ಕೋತಾಳಾ ಅವಳು?"

"ನಿಧಾನಕ್ಕೆ," ಎಂದು ಹೇಳಿ ವಿಶಾಲಾಕ್ಷಿ ಅವನಿಗೆ ಚಾಪೆ ಹಾಸಿದಳು.