ಕಪ್ಪಾಗುತ್ತಿದ್ದ ಬೆಳ್ಳಿಗಾಜು

ಮಾರ್ಚ್ ಒಂಬತ್ತು, ಮಂಗಳವಾರ, ಬೆಳಿಗ್ಗೆ ಎಂಟೂ ನಲವತ್ತು. ಅಮೆರಿಕದ ಕೇಪ್ ಕಾಡ್‌ ಕರಾವಳಿಯ ಹೆರಿಂಗ್ ನೆಕ್ ಠಾಣೆಗೆ ಎಂಬತ್ತೊಂದರ ಲೊರಿಂಡಾ ಥ್ಯಾಚರ್ ಕೋಲೂರಿಕೊಂಡು ಬಂದರು. ತಮ್ಮ ಸಂಗ್ರಹದ ಬೆಳ್ಳಿಗಾಜಿನ ಪಾನಪಾತ್ರೆಯೊಂದು ಕಳುವಾಗಿದೆ ಎಂದು ದೂರು ಕೊಟ್ಟರು.

ಇನ್ಸ್‌ಪೆಕ್ಟರ್ ಡೆಲ್ಫಿನಾ ಬ್ಯಾರೋಸ್ ಪ್ರಕರಣ ದಾಖಲಿಸಿಕೊಂಡು, ಹತ್ತು ಗಂಟೆಗೆ ಕಾನ್‌ಸ್ಟೆಬಲ್ ಎಲ್ಡ್ರಿಜ್ ಜೊತೆ ಆಕೆಯ ಮನೆಗೆ ಹೋದಳು. ಬೀಗ, ಕಿಟಕಿ ಎಲ್ಲ ನೆಟ್ಟಗಿದ್ದವು. ಬೀರುವಿನಲ್ಲಿ ಅರವತ್ತೆರಡು ಪಾತ್ರೆಗಳು. ನೂರೈವತ್ತು ವರ್ಷದ ಹಿಂದೆ ಇದೇ ಸೀಮೆಯ ಕುಲುಮೆಗಳಲ್ಲಿ ಎರಡು ಪದರವಾಗಿ ಊದಿ, ನಡುವಿನ ಪೊಳ್ಳಿಗೆ ಬೆಳ್ಳಿಯ ದ್ರಾವಣ ಸುರಿದು, ತಳದ ತೂತಿಗೆ ಬಿರಡೆ ಜಡಿದವು. ಹೆಸರಿಗೆ ಪಾದರಸದ ಗಾಜು. ಒಳಗೆ ಪಾದರಸ ಒಂದು ಹನಿಯೂ ಇಲ್ಲ. ಬ್ಯಾರೋಸ್ ಮಹಜರು ಬರೆಯುವುದನ್ನು ಬಿಟ್ಟು ನೋಡುತ್ತ ನಿಂತಳು. ಕೋಣೆಯ ಬೆಳಕೆಲ್ಲ ಬೀರುವಿನೊಳಗೆ ಹೋಗಿ ಕೂತಂತಿತ್ತು.

“ಎಲ್ಲಕ್ಕಿಂತ ಬೆಲೆಬಾಳೋದು ಯಾವುದು?”

ಲೊರಿಂಡಾ ದ್ರಾಕ್ಷಿಬಳ್ಳಿ ಕೊರೆದ ಹೂದಾನಿಯನ್ನು ತೋರಿಸಿದರು. ಅದು ಅಲ್ಲೇ ಇತ್ತು.

“ಮತ್ತೆ, ಹೋಗಿರೋದು?”

“ಜರೀಗಿಡದ ಎಲೆ ಕೊರೆದದ್ದು. ಬಿರಡೆ ಸಡಿಲಾಗಿ ಗಾಳಿ ಹೊಕ್ಕಿತ್ತು. ಬುಡದಿಂದ ಕಪ್ಪಾಗ್ತಾ ಬರ್ತಿತ್ತು.”

ಚೆನ್ನಾಗಿರುವುದನ್ನೆಲ್ಲ ಬಿಟ್ಟು ಕೆಡುತ್ತಿರುವುದನ್ನೇ ಒಯ್ದ ಕಳ್ಳ. ಭಾನುವಾರ ಗಾಜುಪ್ರಿಯರ ಸಂಘದ ಏಳು ಜನ ಚಹಾಕ್ಕೆ ಬಂದಿದ್ದರು. ಪಾತ್ರೆಯ ಸ್ಥಿತಿ ಅವರಲ್ಲಿ ಯಾರಿಗೆ ಗೊತ್ತಿತ್ತು ಎಂದು ಬ್ಯಾರೋಸ್ ಕೇಳಿದಾಗ, ಲೊರಿಂಡಾ ಮೇಜಿನ ಖಾನೆಯಿಂದ ನಾಲ್ಕು ಪತ್ರ ತೆಗೆದುಕೊಟ್ಟರು. ನಾಲ್ಕೂ ಆ ಏಳು ಜನರಲ್ಲೊಬ್ಬನಾದ, ಗಾಜು ರಿಪೇರಿ ಮಾಡುವ ಆಲ್ಡೆನ್ ಕ್ರೋವೆಲ್ ಬರೆದವು: ಬಿರಡೆ ಬಿಚ್ಚಿ, ಒಳಗೆ ಒಣಗಿಸಿ, ಮತ್ತೆ ಮುಚ್ಚಿಕೊಡುತ್ತೇನೆ, ಕೂಲಿ ಬೇಡ. ಹಳೆಯ ಬಿರಡೆಗೆ ಯಾರೂ ಕೈಹಚ್ಚಕೂಡದು ಎಂದು ನಾಲ್ಕು ಸಲವೂ ಆಕೆ ಉತ್ತರಿಸಿದ್ದರು.

ಮರುದಿನ ಹನ್ನೊಂದಕ್ಕೆ ಶೋಧನಾ ವಾರಂಟ್‌ನೊಂದಿಗೆ ಇಬ್ಬರೂ ದಕ್ಕೆಯ ಪಕ್ಕದ ಅವನ ಕಾರ್ಯಾಗಾರಕ್ಕೆ ಹೋದರು. ಎಪ್ಪತ್ತು ದಾಟಿದ ಕ್ರೋವೆಲ್ ವಾರಂಟ್ ಓದಲೂ ಇಲ್ಲ.

“ಬಾಗಿಲು ಮೆಲ್ಲಗೆ ಹಾಕಮ್ಮ. ಅಂಟು ಇನ್ನೂ ಹಸಿ.”

ಪಾತ್ರೆ ಉಣ್ಣೆಬಟ್ಟೆಯ ಮೇಲೆ ಬೋರಲಾಗಿತ್ತು. ಕಪ್ಪು ಒಂದು ಬೆರಳಗಲಕ್ಕೆ ನಿಂತಿತ್ತು. ಉಳಿದದ್ದರಲ್ಲಿ ಕಿಟಕಿ, ದೋಣಿಗಳು, ಬ್ಯಾರೋಸಳ ಮುಖ, ಎಲ್ಲ ಬಾಗಿ ಹೊಳೆಯುತ್ತಿದ್ದವು. ಹಳೆಯ ಬಿರಡೆಯನ್ನು ಒಂದು ಚೂರೂ ಮುರಿಯದೆ ಬಿಚ್ಚಿ, ಅದನ್ನೇ ಮರಳಿ ಕೂರಿಸಿದ್ದ. ಅಂಥ ಕೈಗೆಲಸವನ್ನು ಅವಳು ಕಂಡಿರಲಿಲ್ಲ.

“ನೀವೇ ತಗೊಂಡ್ರಾ?”

“ಹೌದು. ಕೋಟಿನೊಳಗಿಟ್ಕೊಂಡು ಬಂದೆ.”

“ವಾಪಸ್ ಕೊಡ್ತಿದ್ರಾ?”

“ಶುಕ್ರವಾರ. ನಂಬೋದು ಬಿಡೋದು ನಿಮಗೆ ಸೇರಿದ್ದು.”

ಜಪ್ತಿ ಮಹಜರಿಗೆ ಸಹಿಯಾಯಿತು. ಹನ್ನೆರಡೂ ಇಪ್ಪತ್ತಕ್ಕೆ ಬಂಧನ. ಹೊರಡುವ ಮುನ್ನ ಯಾಕೆ ಹೀಗೆ ಮಾಡಿದಿರಿ ಎಂದು ಬ್ಯಾರೋಸ್ ಕೇಳಿದಳು. ಕ್ರೋವೆಲ್ ಮೇಲಿನ ಹಲಗೆಯತ್ತ ಕೈ ತೋರಿಸಿದ. ಅಲ್ಲೊಂದು ಹೂದಾನಿ, ಬುಡದಿಂದ ಬಾಯಿವರೆಗೂ ಮಸಿಬಣ್ಣ.

“ನನ್ನ ಹೆಂಡತಿ ಅಡೀಲಿಯಾ ತವರಿಂದ ತಂದಿದ್ದು. ಕಣ್ಮುಂದೇನೇ ಕಪ್ಪಾಗ್ತಾ ಹೋಯ್ತು. ಆಗ ನನಗೆ ಈ ಕೆಲಸ ಬರ್ತಿರಲಿಲ್ಲ. ಕಲಿಯೋ ಹೊತ್ತಿಗೆ ಅದರಲ್ಲಿ ಬೆಳ್ಳಿ ಉಳಿದಿರಲಿಲ್ಲ. ಮನೇಲಿ ಅವಳೂ ಇರಲಿಲ್ಲ.”

ಬ್ಯಾರೋಸ್ ಆ ಮಾತನ್ನು ಇದ್ದ ಹಾಗೆಯೇ ಹೇಳಿಕೆಯಲ್ಲಿ ಬರೆದುಕೊಂಡಳು. ಕೈಕೋಳ ಹಾಕಲಿಲ್ಲ. ಠಾಣೆ ಮುಟ್ಟುವ ತನಕ ಎಲ್ಡ್ರಿಜ್ ಪಾತ್ರೆಯನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದು ಕೂತಿದ್ದ. ಪಕ್ಕದಲ್ಲಿ ಕೂತ ಆರೋಪಿ, ಹೇಗೆ ಹಿಡಿಯಬೇಕೆಂದು ಹೇಳಿಕೊಡುತ್ತಿದ್ದ.