ನಾಲ್ಕು ತಾಯಂದಿರ ಕೆಳಗೆ ಒಂದೇ ಮಗು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕಂಕುಳಲ್ಲಿದ್ದ ಮಗುವನ್ನು ಕೆಳಗಿಳಿಸಲೇ ಇಲ್ಲ. ಹಿಂದಿನ ಸಂಜೆ ಅಪರಿಚಿತಳೊಬ್ಬಳು ಅವರ ಮನೆ ಬಾಗಿಲು ತಟ್ಟಿ, ಮಗು ಹುಟ್ಟಿದಾಗಿನ ತೂಕ ಹೇಳಿ, ಒಂದು ಸಲ ನೋಡಿ ಹೋಗುತ್ತೇನೆ ಎಂದಿದ್ದಳು.

"ಒಂಬೈನೂರು ಗ್ರಾಂ ಇದ್ಲು ಸಾರ್ ನನ್ನ ಮಗಳು. ನಮ್ಮತ್ತೆಗೇ ನೆನಪಿಲ್ಲ, ಅವಳಿಗೆ ಹೇಗೆ ಗೊತ್ತು? ಮಗು ಎತ್ಕೊಂಡು ಹೋಗೋಕೇ ಬಂದಿದ್ದು."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಕಾನ್‌ಸ್ಟೆಬಲ್‌ಗಳು ವಿಚಾರಿಸಿದಾಗ ಆ ಅಪರಿಚಿತಳು ಇನ್ನೂ ಎರಡು ಮನೆಗಳಿಗೆ ಹೋಗಿದ್ದು ತಿಳಿಯಿತು. ಮೂರು ಮನೆಯವೂ ತಿಂಗಳು ತುಂಬದೆ ಹುಟ್ಟಿದ ಮಕ್ಕಳು. ಮೂವರೂ ಒಂದೇ ಆಸ್ಪತ್ರೆಯ ಎದೆಹಾಲಿನ ಬ್ಯಾಂಕಿನಿಂದ ಬಂದ ಹಾಲು ಕುಡಿದು ಬದುಕಿದವರು.

"ಯಾರ ಹಾಲು ಯಾವ ಮಗುವಿಗೆ ಹೋಯ್ತು ಅಂತ ನಾವು ಯಾರಿಗೂ ಹೇಳಲ್ಲ," ಎಂದರು ಬ್ಯಾಂಕಿನ ಡಾಕ್ಟರಮ್ಮ. "ಕಂಪ್ಯೂಟರ್‌ನಲ್ಲೂ ತಾಯಂದಿರದೇ ಬೇರೆ ಟೇಬಲ್, ಬಾಟಲಿಗಳದೇ ಬೇರೆ, ಮಕ್ಕಳದೇ ಬೇರೆ."

ಸೈಬರ್ ವಿಭಾಗದ ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ 'ಇಲಿ' ಎಂದೇ ಹೆಸರು. ಮೌಸ್ ಹಿಡಿದ ಕೈ ಊಟಕ್ಕೂ ಬಿಡುವವನಲ್ಲ. ಫೆಬ್ರವರಿಯಲ್ಲಿ ಇಡೀ ಡೇಟಾಬೇಸನ್ನು ಒಂದೇ ಎಕ್ಸ್‌ಎಂಎಲ್ ಕಡತವಾಗಿ ಯಾರೋ ಹೊರತೆಗೆದಿದ್ದರೆಂದು ಅವನು ಪತ್ತೆ ಹಚ್ಚಿದ. ತೆಗೆದದ್ದು ಬ್ಯಾಂಕಿನ ಆಪರೇಟರಮ್ಮನ ಕಂಪ್ಯೂಟರಿನಿಂದ. ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ ಕಡತ ತೆರೆದರು.

"ಇದೇನಯ್ಯ, ಮರದ ಥರ ಕೊಂಬೆ ಕೊಂಬೆ?" ಎಂದರು ಇನ್ಸ್‌ಪೆಕ್ಟರ್.

"ಟೇಬಲ್‌ಗಳಲ್ಲಿ ಬರೀ ನಂಬರಿಗೆ ನಂಬರು ಕೊಂಡಿ ಸಾರ್. ಎಕ್ಸ್‌ಎಂಎಲ್ ಮಾಡುವಾಗ ಒಂದರೊಳಗೊಂದು ಕೂರಿಸ್ತಾರೆ. ಇವರು ಹಾಲು ಕೊಟ್ಟ ತಾಯೀನ ಮೇಲಿಟ್ಟಿದಾರೆ. ತಾಯಿಯೊಳಗೆ ಬಾಟಲಿ, ಬಾಟಲಿಯೊಳಗೆ ಮಕ್ಕಳು."

ಇನ್ಸ್‌ಪೆಕ್ಟರ್ ಕೆಳಕ್ಕೆ ಸರಿಸುತ್ತ ಹೋದರು. ಮುಗಿಯಲೇ ಇಲ್ಲ. ಒಬ್ಬ ತಾಯಿಯ ಕೆಳಗೆ ಪರದೆ ತುಂಬ ಮಕ್ಕಳು. ಆಮೇಲೆ ಇನ್ನೊಬ್ಬ ತಾಯಿ, ಮತ್ತೆ ಮಕ್ಕಳು. ಒಂದು ಕಡೆ ಬೆರಳು ನಿಂತಿತು.

"ಈ ಒಂಬೈನೂರು ಗ್ರಾಂ ಮಗು ಆಗಲೇ ಬಂತಲ್ಲ? ನಾಲ್ಕು ಕಡೆ ಇದೆ. ಏನೋ ತಪ್ಪಾಗಿದೆ."

"ತಪ್ಪಲ್ಲ ಸಾರ್. ನಾಲ್ಕು ಜನರ ಹಾಲು ಬೆರೆಸಿ ಕಾಯಿಸ್ತಾರೆ. ನಾಲ್ಕು ತಾಯಂದಿರ ಕೆಳಗೂ ಬರಲೇಬೇಕು."

ಗೇಣು ಜಾಗಕ್ಕೆ ಒಡಹುಟ್ಟಿದವರು ಮಚ್ಚು ಹಿಡಿದದ್ದನ್ನು ಕಂಡ ಮನುಷ್ಯ ಇನ್ಸ್‌ಪೆಕ್ಟರ್. ತಮಗರಿವಿಲ್ಲದೆ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

ಆ ಅಪರಿಚಿತಳು ನೋಡಲು ಹೋದ ಮೂರು ಮಕ್ಕಳೂ ಒಟ್ಟಿಗೆ ಸಿಕ್ಕಿದ್ದು ಒಬ್ಬಳೇ ತಾಯಿಯ ಕೆಳಗೆ. ಆ ನಂಬರು ಯಾರದೆಂದು ಡಾಕ್ಟರಮ್ಮ ನೋಡಿ ಹೇಳಿದರು: ಆಪರೇಟರಮ್ಮನದೇ. ದೂರು ಕೊಟ್ಟಾಕೆಯೂ ಅವಳನ್ನು ಗುರುತಿಸಿದಳು. ಮಧ್ಯಾಹ್ನ ಮಹಿಳಾ ಕಾನ್‌ಸ್ಟೆಬಲ್ ಆಕೆಯನ್ನು ಬಂಧಿಸಿದರು.

"ಯಾಕಮ್ಮ ಮಾಡಿದ್ರಿ?"

"ನನ್ನ ಮಗು ಉಳೀಲಿಲ್ಲ ಸಾರ್. ಹಾಲು ನಿಲ್ಲಲಿಲ್ಲ. ನಮ್ಮ ಬ್ಯಾಂಕಿಗೇ ಕೊಟ್ಟೆ. ಎಲ್ಲಿಗೆ ಹೋಯ್ತು ಅಂತ ನೋಡ್ಬೇಕು ಅನ್ನಿಸ್ತು."

"ಆ ತಾಯಂದಿರಿಗೆ ಜೀವ ಬಾಯಿಗೆ ಬಂದಿತ್ತು, ಗೊತ್ತಾ?"

ಆಕೆ ತಲೆ ತಗ್ಗಿಸಿದಳು. "ಅವರ ಮುಖ ನಾನು ನೋಡಲೇ ಇಲ್ಲ ಸಾರ್. ಮಗುವಿನ ಕೆನ್ನೆ ತುಂಬಿತ್ತು. ಅಷ್ಟೇ ನೋಡ್ದೆ. ತಪ್ಪಾಯ್ತು."

"ನಿಮ್ಮ ಕೆಳಗೆ ಎಷ್ಟು ಮಕ್ಕಳಿದಾರೆ?"

"ಎಣಿಸಿಲ್ಲ. ದೃಷ್ಟಿಯಾಗುತ್ತೆ."

ಇನ್ಸ್‌ಪೆಕ್ಟರಿಗೆ ಲೆಕ್ಕ ಗೊತ್ತಿತ್ತು. ಹೇಳಲಿಲ್ಲ. ಆಕೆಯ ಉತ್ತರವನ್ನೇ ಹೇಳಿಕೆಯಲ್ಲಿ ಬರೆದುಕೊಂಡು ಸಹಿಗೆ ಕಾಗದ ಮುಂದಿಟ್ಟರು.